ಗಾಳಿಯ ಸುದ್ದಿ ಮತ್ತು ಗಾಳಿಸುದ್ದಿ: ಕಾರ್ಖಾನೆಯ ನೆರೆಹೊರೆಗೆ ಹೇಳುವ ಮಾತಿನ ವಿವೇಚನೆ

ವಿಮರ್ಶೆಯು ಕಾವ್ಯ, ನಾಟಕ, ಕಾದಂಬರಿಗಳ ಗುಣದೋಷ ವಿವೇಚನೆಗೆ ಮಾತ್ರ ಮೀಸಲಾದುದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಜನರನ್ನು ಉದ್ದೇಶಿಸಿ ಬರೆದ, ಜನರ ಪ್ರಾಣಕ್ಕೆ ಸಂಬಂಧಿಸಿದ ಯಾವ ಬರಹವೇ ಆಗಲಿ, ಅದು ತನ್ನ ಓದುಗನನ್ನು ತಲಪಿತೇ ಇಲ್ಲವೇ ಎಂಬ ಪ್ರಶ್ನೆಗೆ ಒಳಗಾಗಲೇಬೇಕು. ಪದ್ಯವೊಂದು ಅರ್ಥವಾಗದೆ ಹೋದರೆ ಓದುಗನಿಗೆ ಒಂದು ರಸಾನುಭವ ತಪ್ಪುತ್ತದೆ. ಎಚ್ಚರಿಕೆಯ ಮಾತೊಂದು ಅರ್ಥವಾಗದೆ ಹೋದರೆ ಆಗುವ ನಷ್ಟ ಬೇರೆ ತೆರದ್ದು. ಠಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ಕಾರ್ಖಾನೆಗಳ ಮಗ್ಗುಲಲ್ಲೇ ಮನೆ ಮಾಡಿಕೊಂಡಿರುವ ಲಕ್ಷಾಂತರ ಜನರಿಗೆ, ಅವರು ಉಸಿರಾಡುವ ಗಾಳಿಯ ವಿಷಯವಾಗಿ ಏನನ್ನು, ಯಾವ ಮಾತಿನಲ್ಲಿ ತಿಳಿಸಲಾಗುತ್ತಿದೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಈ ಜನರಲ್ಲಿ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ನಾಲ್ಕು ಊರುಗಳಲ್ಲಿಯೂ ಕನ್ನಡ ಸಂಘಗಳು ನಡೆದುಬಂದಿರುವುದೇ ಅದಕ್ಕೆ ಸಾಕ್ಷಿ.

ಮಹಾರಾಷ್ಟ್ರದ ಔದ್ಯೋಗಿಕ ವಿಕಾಸ ಮಹಾಮಂಡಳವು ೧೯೬೨ರಲ್ಲಿ ಸ್ಥಾಪಿತವಾಯಿತು. ಆ ದಶಕದಲ್ಲಿಯೇ ಠಾಣೆ-ಬೇಲಾಪುರ ರಸ್ತೆಯುದ್ದಕ್ಕೂ ಡೊಂಬಿವಲಿಯ ಪೂರ್ವಭಾಗದಲ್ಲಿಯೂ ರಾಸಾಯನಿಕ ಕಾರ್ಖಾನೆಗಳು ತಲೆಯೆತ್ತಿದವು. ಜನರ ಬಾಯಲ್ಲಿ 'ಎಂ.ಐ.ಡಿ.ಸಿ.' ಎಂಬ ಮೂಲ ಹೆಸರೇ ಸ್ಥಳನಾಮವಾಗಿ ನಿಂತಿತು. ಡೊಂಬಿವಲಿಯಲ್ಲಿಯಂತೂ ಆ ವಲಯದ ಒಳಗೇ ವಸತಿಯ ಭಾಗವಿದೆ. ಅಲ್ಲಿ ಬಣ್ಣ, ಔಷಧಿ, ದ್ರಾವಕಗಳನ್ನು ತಯಾರಿಸುವ ಗೋಡೆಗೂ ಮಕ್ಕಳ ಶಾಲೆಯ ಗೋಡೆಗೂ ಇರುವ ಅಂತರ ಬಹಳವಲ್ಲ. ೨೦೦೯ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದ ೮೮ ಔದ್ಯೋಗಿಕ ಪ್ರದೇಶಗಳನ್ನು ಅಳೆದು, ೭೦ಕ್ಕಿಂತ ಮೇಲಿನ ಅಂಕ ಪಡೆದ ೪೩ ಪ್ರದೇಶಗಳನ್ನು ತೀವ್ರ ಮಾಲಿನ್ಯಗ್ರಸ್ತವೆಂದು ಹೆಸರಿಸಿತು. ಆ ಪಟ್ಟಿಯಲ್ಲಿ ಡೊಂಬಿವಲಿಗೆ ೭೮.೪೧, ನವಿಮುಂಬಯಿಗೆ ೭೩.೭೭ ಅಂಕಗಳು ಬಂದವು. ೨೦೧೬ನೆಯ ಇಸವಿ ಮೇ ೨೬ರಂದು ಡೊಂಬಿವಲಿಯ ಪ್ರೊಬೇಸ್ ಎಂಬ ಕಾರ್ಖಾನೆಯಲ್ಲಿ ನಡೆದ ಸ್ಫೋಟದಲ್ಲಿ ಹನ್ನೆರಡು ಮಂದಿ ಮೃತರಾದರು; ಗಾಯಗೊಂಡವರು ನೂರಾರು. ೨೦೨೪ರ ಮೇ ೨೩ರಂದು ಅದೇ ಊರಿನ ಅಮುದಾನ್ ಕಾರ್ಖಾನೆಯ ಸ್ಫೋಟದಲ್ಲಿ ಮತ್ತೆ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಎರಡು ಸಂದರ್ಭಗಳಲ್ಲಿಯೂ ಕಾರ್ಖಾನೆಯಿಂದ ಬಹುದೂರದ ಮನೆಗಳ ಕಿಟಕಿಗಾಜುಗಳು ಒಡೆದು ಬಿದ್ದವು. ಇವು ಕಣ್ಣಿಗೆ ಕಾಣುವ ಘಟನೆಗಳು. ಇವೆರಡರ ನಡುವಣ ಎಂಟು ವರ್ಷಗಳ ರಾತ್ರಿಗಳಲ್ಲಿ ಜನರು ಉಸಿರಾಡಿದುದು ಕಣ್ಣಿಗೆ ಕಾಣದ ಸಂಗತಿ. ಅದನ್ನು ತಿಳಿಸಬೇಕಾದುದು ಮಾತೇ.

ಈ ಮಾತನ್ನು ಅಳೆಯಲು ಹೊಸ ಅಳತೆಗೋಲನ್ನು ಹುಡುಕಬೇಕಾಗಿಲ್ಲ. ಪದಗಳು ಸೇರಿ ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ಭಾರತೀಯ ಶಾಸ್ತ್ರಕಾರರು ಹೇಳಿದ್ದಾರೆ. 'ಹಸು, ಕುದುರೆ, ಮನುಷ್ಯ, ಆನೆ' ಎಂದು ಪದಗಳನ್ನು ಸಾಲಾಗಿ ಉಚ್ಚರಿಸಿದರೆ ಅವು ಒಂದನ್ನೊಂದು ಬೇಡುವುದಿಲ್ಲ. ಆದುದರಿಂದ ಅದು ವಾಕ್ಯವಲ್ಲ. 'ಬೆಂಕಿಯಿಂದ ತೋಯಿಸುತ್ತಾನೆ' ಎಂದರೆ ಪದಗಳ ಅರ್ಥಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದು ಪದವನ್ನು ಈಗ, ಇನ್ನೊಂದನ್ನು ಜಾವ ಕಳೆದು ನುಡಿದರೆ ಸಾಮೀಪ್ಯವಿಲ್ಲ. ಇಂದು ಗಾಳಿಯ ಸುದ್ದಿಯನ್ನು ಹೊತ್ತು ತರುವ ಮುಖ್ಯ 'ವಾಕ್ಯ'ವೆಂದರೆ ವಾಯುಗುಣ ಸೂಚ್ಯಂಕ. ೨೦೧೫ರಿಂದ ದೇಶದಲ್ಲಿ ರೂಢಿಗೆ ಬಂದಿರುವ ಈ ಸೂಚ್ಯಂಕವು ಸೊನ್ನೆಯಿಂದ ೫೦೦ರ ವರೆಗಿನ ಒಂದು ಸಂಖ್ಯೆಯನ್ನೂ, ಉತ್ತಮ, ತೃಪ್ತಿಕರ, ಮಧ್ಯಮ, ಕಳಪೆ, ಅತಿ ಕಳಪೆ, ತೀವ್ರ ಎಂಬ ಆರು ದರ್ಜೆಗಳಲ್ಲಿ ಒಂದನ್ನೂ, ಒಂದು ಬಣ್ಣವನ್ನೂ ನೀಡುತ್ತದೆ. ಕಲ್ಯಾಣದ ಖಡಕ್‌ಪಾಡಾ, ನವಿಮುಂಬಯಿಯ ಐರೋಲಿ, ನೆರೂಲ್, ಮಹಾಪೆ ಮೊದಲಾದೆಡೆ ಇದಕ್ಕಾಗಿ ಮಾಪನಕೇಂದ್ರಗಳಿವೆ. ದೆಹಲಿಯಂಥ ನಗರದ ಧೂಳುಹೊಗೆಗಳನ್ನು ಜನರಿಗೆ ಮನಗಾಣಿಸುವುದರಲ್ಲಿ ಈ ಸೂಚ್ಯಂಕ ಮಾಡಿರುವ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ರಾಸಾಯನಿಕ ಕಾರ್ಖಾನೆಯ ನೆರೆಯವನಿಗೆ ಹೇಳುವ ಮಾತಾಗಿ ಇದನ್ನು ಓದಿದಾಗ ಮೂರು ದೋಷಗಳೂ ಕಾಣುತ್ತವೆ.

ಮೊದಲನೆಯದು ಯೋಗ್ಯತೆಯ ದೋಷ. ೨೦೦೯ರ ರಾಷ್ಟ್ರೀಯ ವಾಯುಗುಣ ಮಾನಕಗಳಲ್ಲಿ ಹನ್ನೆರಡು ಮಾಲಿನ್ಯಕಾರಕಗಳಿವೆ. ಸೂಚ್ಯಂಕಕ್ಕೆ ಆಯ್ದುಕೊಂಡಿರುವವು ಎಂಟು ಮಾತ್ರ: ಎರಡು ಗಾತ್ರದ ಧೂಳಿನ ಕಣಗಳು, ಸಾರಜನಕದ ಡಯಾಕ್ಸೈಡು, ಗಂಧಕದ ಡಯಾಕ್ಸೈಡು, ಇಂಗಾಲದ ಮಾನಾಕ್ಸೈಡು, ಓಜೋನ್, ಅಮೋನಿಯ, ಸೀಸ. ಬಿಟ್ಟುಹೋದ ನಾಲ್ಕರಲ್ಲಿ ಬೆಂಜೀನ್ ಒಂದು. ದೀರ್ಘಕಾಲ ಉಸಿರಾಡಿದರೆ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ಸಿದ್ಧವಾದ ವಸ್ತು. ಇನ್ನು ದ್ರಾವಕಗಳು, ಆಮ್ಲದ ಆವಿಗಳು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡು ಮೊದಲಾದ, ಇಂಥ ಪ್ರದೇಶಕ್ಕೆ ವಿಶಿಷ್ಟವಾದ ವಸ್ತುಗಳು ಆ ಹನ್ನೆರಡರಲ್ಲಿಯೂ ಇಲ್ಲ. ಆದುದರಿಂದ ಫಲಕದ ಮೇಲೆ 'ತೃಪ್ತಿಕರ' ಎಂದು ಹಸಿರು ಬಣ್ಣ ಬೆಳಗುತ್ತಿರುವಾಗಲೇ ಬೀದಿಯಲ್ಲಿ ಜನರು ಮೂಗು ಮುಚ್ಚಿಕೊಂಡು ಹೋಗುವುದು ಅಸಂಭವವೇನಲ್ಲ. ಫಲಕವೂ ಸುಳ್ಳು ಹೇಳುತ್ತಿಲ್ಲ, ಮೂಗೂ ಸುಳ್ಳು ಹೇಳುತ್ತಿಲ್ಲ. ಎರಡೂ ಬೇರೆ ಬೇರೆ ವಸ್ತುಗಳನ್ನು ಕುರಿತು ಮಾತಾಡುತ್ತಿವೆ. ಆದರೆ ಅದನ್ನು ಫಲಕ ಹೇಳುವುದಿಲ್ಲವಾಗಿ, ನೋಡಿದವನು ಸರಕಾರ ಸುಳ್ಳು ಹೇಳುತ್ತಿದೆ ಎಂದೋ ತನ್ನ ಮೂಗೇ ತಪ್ಪು ಎಂದೋ ತೀರ್ಮಾನಿಸಬೇಕಾಗುತ್ತದೆ.

ಎರಡನೆಯದು ಸನ್ನಿಧಿಯ ದೋಷ. ಸೂಚ್ಯಂಕದಲ್ಲಿ ಇಂಗಾಲದ ಮಾನಾಕ್ಸೈಡು ಮತ್ತು ಓಜೋನ್‌ಗಳನ್ನು ಎಂಟು ಗಂಟೆಗಳ ಸರಾಸರಿಯಿಂದಲೂ ಉಳಿದವನ್ನು ಇಪ್ಪತ್ತನಾಲ್ಕು ಗಂಟೆಗಳ ಸರಾಸರಿಯಿಂದಲೂ ಎಣಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಬಂದು ಮೂರು ಗಂಟೆಗೆ ಹೋದ ಘಾಟು ಆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಕಾರ್ಖಾನೆಯ ನೆರೆಯವರ ದೂರುಗಳು ಹೆಚ್ಚಾಗಿ ರಾತ್ರಿಯನ್ನೂ ಚಳಿಗಾಲವನ್ನೂ ಕುರಿತಿರುವುದಕ್ಕೆ ಕಾರಣ ಎರಡು ಇರಬಹುದು. ಒಂದು, ಯಾರೂ ನೋಡದ ಹೊತ್ತಿನಲ್ಲಿ ಹೊಗೆ ಬಿಡುವುದು. ಇನ್ನೊಂದು, ನೆಲ ತಣಿದಾಗ ಅದಕ್ಕೆ ತಾಗಿದ ಗಾಳಿ ಭಾರವಾಗಿ ಕೆಳಗೇ ನಿಂತು, ಮೇಲಣ ಬೆಚ್ಚನೆಯ ಪದರ ಅದಕ್ಕೆ ಮುಚ್ಚಳವಾಗುವುದು. ಹಗಲು ಸಮುದ್ರದ ಗಾಳಿ ಚದರಿಸುವುದನ್ನು ರಾತ್ರಿಯ ನಿಶ್ಚಲತೆ ಹಿಡಿದಿಡುತ್ತದೆ. ಮೊದಲನೆಯದು ಅಪರಾಧ, ಎರಡನೆಯದು ಪ್ರಕೃತಿಧರ್ಮ. ಆದರೆ ಉಸಿರಾಡುವವನ ಶ್ವಾಸಕೋಶಕ್ಕೆ ಎರಡೂ ಒಂದೇ. ಇವನ್ನು ಬೇರ್ಪಡಿಸಿ ತೋರಿಸಬೇಕಾದರೆ ಗಂಟೆಗಂಟೆಯ ಲೆಕ್ಕವೂ ಗಾಳಿ ಬೀಸಿದ ದಿಕ್ಕೂ ಬೇಕು.

ಮೂರನೆಯದು ಆಕಾಂಕ್ಷೆಯ ದೋಷ, ಎಲ್ಲಕ್ಕಿಂತ ದೊಡ್ಡದು. 'ಮಧ್ಯಮ, ೧೪೦' ಎಂದು ಓದಿದ ತಾಯಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ನಾಲ್ಕು: ಗಾಳಿಯಲ್ಲಿ ಏನಿದೆ? ಎಲ್ಲಿಂದ ಬಂದಿತು? ಮಗುವಿಗೆ ಏನಾದೀತು? ಈಗ ಏನು ಮಾಡಲಿ? ಸೂಚ್ಯಂಕದ ಜೊತೆಗೆ ಬರುವ ಆರೋಗ್ಯಸೂಚನೆಯು ಶ್ವಾಸಕೋಶದ ಕಾಯಿಲೆಯವರಿಗೆ ಉಸಿರಾಟದ ತೊಂದರೆಯಾಗಬಹುದು ಎಂಬಷ್ಟಕ್ಕೆ ನಿಲ್ಲುತ್ತದೆ. ಅದು ವರ್ಣನೆ, ಮಾರ್ಗದರ್ಶನವಲ್ಲ. ದರ್ಜೆಗಳ ಹೆಸರೂ ನಿರ್ದೋಷವಲ್ಲ. ಅತಿ ಸೂಕ್ಷ್ಮ ಕಣಗಳು ಘನಮೀಟರಿಗೆ ೬೦ ಮೈಕ್ರೊಗ್ರಾಮಿನ ವರೆಗೆ ಇದ್ದರೆ ಭಾರತದ ಸೂಚ್ಯಂಕ ಅದನ್ನು 'ತೃಪ್ತಿಕರ' ಎನ್ನುತ್ತದೆ; ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಸೂಚಿಸಿದ ದೈನಿಕ ಮಿತಿ ೧೫. ಅದೇ ೬೦ನ್ನು ಅಮೆರಿಕದ ಸೂಚ್ಯಂಕ ಅನಾರೋಗ್ಯಕರವೆಂದು ಕೆಂಪು ಬಣ್ಣದಲ್ಲಿ ಬರೆಯುತ್ತದೆ. ಡೊಂಬಿವಲಿಯ ತಂದೆಯೂ ನ್ಯೂಜರ್ಸಿಯ ಮಗನೂ ಅಂಥದೇ ಗಾಳಿಯಲ್ಲಿ ಉಸಿರಾಡಿದರೂ ಒಬ್ಬನಿಗೆ ತೃಪ್ತಿ, ಇನ್ನೊಬ್ಬನಿಗೆ ಭಯ. ಪ್ರತಿಯೊಂದು ದೇಶವೂ ತನ್ನ ಪರಿಸ್ಥಿತಿಗೆ ಸಾಧ್ಯವಾದ ಮಿತಿಯನ್ನು ಇಟ್ಟುಕೊಳ್ಳುವುದು ಆಡಳಿತದ ದೃಷ್ಟಿಯಿಂದ ಸಮರ್ಥನೀಯವಿರಬಹುದು. ಆದರೆ ಸಾಧ್ಯವಾದುದಕ್ಕೆ 'ತೃಪ್ತಿಕರ' ಎಂದು ಹೆಸರಿಡುವುದು ಶಬ್ದಕ್ಕೆ ಮಾಡಿದ ಅನ್ಯಾಯ.

ಸಂಖ್ಯೆಯ ಈ ನಿರ್ಜೀವತೆಯನ್ನು ಮೀರಲು ಚಿತ್ರವನ್ನು ಆಶ್ರಯಿಸಿದ ಪ್ರಯತ್ನವೊಂದನ್ನು ಇಲ್ಲಿ ಗಮನಿಸಬೇಕು. ೨೦೨೧ರ ಜನವರಿಯಲ್ಲಿ ನವಿಮುಂಬಯಿಯ ಖಾರಘರದಲ್ಲಿ ವಾತಾವರಣ ಎಂಬ ಸಂಸ್ಥೆಯವರು ಬಿಳಿಯ ಶೋಧಕ ಬಟ್ಟೆಯಿಂದ ಮಾಡಿದ ಭಾರಿ ಗಾತ್ರದ ಕೃತಕ ಶ್ವಾಸಕೋಶಗಳನ್ನು ರಸ್ತೆಬದಿಯಲ್ಲಿ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಅವು ಕಪ್ಪಾದವು. ಇಂಥದೇ ಪ್ರದರ್ಶನಗಳು ಅದಕ್ಕೆ ಮೊದಲು ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ನಡೆದಿದ್ದವು. ಅಕ್ಷರ ಬಾರದವನಿಗೂ, ಯಾವ ಭಾಷೆಯವನಿಗೂ ಒಂದೇ ನೋಟಕ್ಕೆ ಅರ್ಥವಾಗುವುದು ಈ ಚಿತ್ರದ ಗುಣ. ಸೂಚ್ಯಂಕ ನಿಲ್ಲಿಸಲಾರದ ದಾರಿಹೋಕನನ್ನು ಇದು ನಿಲ್ಲಿಸಿತು. ಆದರೆ ವ್ಯಂಜನೆಯಲ್ಲಿ ಶ್ರೀಮಂತವಾದ ಈ ಕೃತಿ ಅಭಿಧೆಯಲ್ಲಿ ಬಡವಾಗಿದೆ. ಬಟ್ಟೆ ಹಿಡಿಯುವುದು ಧೂಳು ಮಸಿಗಳನ್ನು. ಅನಿಲ ಅದರ ಮೂಲಕ ಹಾದುಹೋಗುತ್ತದೆ. ಆ ಕಪ್ಪಿನಲ್ಲಿ ರಸ್ತೆಯ ಧೂಳೆಷ್ಟು, ಲಾರಿಯ ಹೊಗೆಯೆಷ್ಟು, ಸಮೀಪದ ತಳೋಜ ಕಾರ್ಖಾನೆಗಳದೆಷ್ಟು ಎಂಬುದನ್ನು ಅದು ಹೇಳಲಾರದು. ಜೀವಂತ ಶ್ವಾಸಕೋಶಕ್ಕೆ ತನ್ನನ್ನು ತಾನು ಒಂದಷ್ಟು ಶುಚಿಗೊಳಿಸಿಕೊಳ್ಳುವ ಶಕ್ತಿಯಿದೆ, ಬಟ್ಟೆಗೆ ಇಲ್ಲ. ನೋಡಿದವನಲ್ಲಿ ಭೀತಿ ಹುಟ್ಟುತ್ತದೆ, ಆದರೆ ಆ ಭೀತಿಗೆ ಕರ್ತವ್ಯದ ದಾರಿ ಕಾಣುವುದಿಲ್ಲ.

ಹಾಗಾದರೆ ಜನರ ಬಳಿ ಸ್ವಂತದ್ದಾದ ಸಾಧನವೇನೂ ಇಲ್ಲವೇ? ಮೂಗು ಇದೆ. ವಾಯುವಿಗೆ ಸ್ವಂತ ಗಂಧವಿಲ್ಲ, ಗಂಧವು ಪೃಥ್ವಿಯ ಗುಣ ಎಂದು ನೈಯಾಯಿಕರು ಹೇಳಿದರು. ಗಾಳಿಯಲ್ಲಿ ವಾಸನೆ ಬಂದಿತೆಂದರೆ ಇನ್ನೊಂದು ಪದಾರ್ಥ ಅದರಲ್ಲಿ ಸೇರಿದೆ ಎಂದೇ ಅರ್ಥ. ಕನ್ನಡದಲ್ಲಿ ಘಾಟು, ಕಮಟು, ಮುಗ್ಗಲು, ಹಳಸಲು, ಸೀದದ್ದು, ನಾತ ಎಂದು ಕೆಟ್ಟ ವಾಸನೆಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಪದಗಳು ಮನೆಮಾತಿನಲ್ಲಿಯೇ ಇವೆ. ಮೂತ್ರಾಲಯದ ಘಾಟು ಎಂದರೆ ಅಮೋನಿಯದ ಸುಳಿವು. ಕೊಳೆತ ಮೀನಿನ ನಾತ ಅಮೀನುಗಳೆಂಬ ವರ್ಗದ್ದು. ಉಗುರುಬಣ್ಣದ ವಾಸನೆ ದ್ರಾವಕದ್ದು. 'ಇಲ್ಲಿ ಬಹಳ ಪ್ರದೂಷಣವಿದೆ' ಎಂಬ ದೂರಿನಿಂದ ಅಧಿಕಾರಿಗೆ ತಿಳಿಯುವುದು ಏನೂ ಇಲ್ಲ. 'ರಾತ್ರಿ ಒಂದೂವರೆಯಿಂದ ಎರಡೂಕಾಲರ ವರೆಗೆ, ಈಶಾನ್ಯದ ಗಾಳಿಯಲ್ಲಿ, ಕೊಳೆತ ಮೊಟ್ಟೆಯ ನಾತ, ಕಣ್ಣುರಿ' ಎಂಬ ಒಂದು ಸಾಲು ತನಿಖೆಗೆ ಆಧಾರವಾಗಬಲ್ಲದು. ತಮಿಳುನಾಡಿನ ಕಡಲೂರಿನ ಸಿಪ್ಕಾಟ್ ಔದ್ಯೋಗಿಕ ಪ್ರದೇಶದ ಹಳ್ಳಿಗರು ೨೦೦೪ರಿಂದ ಇದನ್ನೇ ಮಾಡಿ ತೋರಿಸಿದರು. ವಾಸನೆಗಳಿಗೆ ತಮ್ಮದೇ ಮಾತಿನಲ್ಲಿ ಹೆಸರಿಟ್ಟು ದಿನಚರಿ ಬರೆದರು; ವಾಸನೆ ಬಂದ ಗಳಿಗೆಯಲ್ಲಿಯೇ ಬಕೆಟ್ಟಿನೊಳಗಿನ ಚೀಲದಲ್ಲಿ ಗಾಳಿಯನ್ನು ಹಿಡಿದು ಪ್ರಯೋಗಶಾಲೆಗೆ ಕಳಿಸಿದರು.

ಮೂಗಿನ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳದಿದ್ದರೆ ಈ ಸಲಹೆಯೇ ಅಪಾಯಕರವಾದೀತು. ಇಂಗಾಲದ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಹೈಡ್ರೊಜನ್ ಸಲ್ಫೈಡಿನ ಪ್ರಮಾಣ ಬಹಳ ಏರಿದಾಗ ಅದು ಘ್ರಾಣಶಕ್ತಿಯನ್ನೇ ಕುಂಠಿಸುತ್ತದೆ. ನಾತ ನಿಂತಿತೆಂದು ಸಮಾಧಾನಪಡುವ ಗಳಿಗೆಯೇ ಮಾರಕವಾಗಬಹುದು. ಬೆಂಜೀನಿನ ವಾರ್ಷಿಕ ಮಿತಿ ಘನಮೀಟರಿಗೆ ೫ ಮೈಕ್ರೊಗ್ರಾಮು. ಮೂಗಿಗೆ ಅದರ ವಾಸನೆ ತಟ್ಟಬೇಕಾದರೆ ಆ ಮಿತಿಯ ನೂರಾರು ಪಟ್ಟು ಮೀರಿರಬೇಕು. ಅಲ್ಲದೆ ಬಹುಕಾಲ ಒಂದೇ ವಾಸನೆಯಲ್ಲಿ ಇದ್ದವನ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಮೂಗು ಸಾಕ್ಷಿ ನುಡಿಯಬಲ್ಲದು, ತೀರ್ಪು ಕೊಡಲಾರದು. ಯಂತ್ರಕ್ಕೂ ಮೂಗಿಗೂ ಸಂವಾದ ಏರ್ಪಡಬೇಕಾದುದು ಈ ಕಾರಣದಿಂದಲೇ.

ಭಾಷೆಯ ದೃಷ್ಟಿಯಿಂದ ಇನ್ನೊಂದು ಕೊರತೆ ಕನ್ನಡದೊಳಗೇ ಇದೆ. ಇಂಗ್ಲಿಷಿನವರು 'ಹ್ಯಾಜರ್ಡ್' ಎಂದೂ 'ರಿಸ್ಕ್' ಎಂದೂ ಎರಡಾಗಿ ಹೇಳುವುದನ್ನು ಕನ್ನಡ ಪತ್ರಿಕೆಗಳು 'ಅಪಾಯ' ಎಂಬ ಒಂದೇ ಪದದಲ್ಲಿ ಅಡಗಿಸುತ್ತವೆ. ಕಟ್ಟೆಯಿಲ್ಲದ ಬಾವಿ ಒಂದು ಕೇಡು. ಅದು ಊರಾಚೆ ಇದ್ದರೆ ಕೇಡಿನ ಸಂಭವ ಸ್ವಲ್ಪ, ಮಕ್ಕಳು ಆಡುವ ಅಂಗಳದಲ್ಲಿದ್ದರೆ ಬಹಳ. ಹಾಗೆಯೇ ತೊಟ್ಟಿಯೊಳಗಿನ ವಿಷ ಕೇಡು. ಅದು ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ, ಎಷ್ಟು ದೂರದಿಂದ, ಯಾವ ದೇಹಕ್ಕೆ ತಲಪುತ್ತದೆ ಎಂಬುದರ ಮೇಲೆ ಸಂಭವ ನಿಲ್ಲುತ್ತದೆ. ಕೂಸು, ಬಸುರಿ, ಮುದುಕ, ಉಬ್ಬಸದವನು ಇವರಿಗೆ ಒಂದೇ ಗಾಳಿ ಒಂದೇ ಗಾಳಿಯಲ್ಲ. ಹೊರಗಣ ಗಾಳಿಯ ಮಾಲಿನ್ಯವು ಕ್ಯಾನ್ಸರಿಗೆ ಕಾರಣವೆಂದು ೨೦೧೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿತು. ಇದು ಜನಸಮುದಾಯದ ಲೆಕ್ಕದಲ್ಲಿ ದೃಢವಾದ ಮಾತು. ಆದರೆ ಇಂಥವನ ಕೆಮ್ಮು ಇಂಥ ಕೊಳವೆಯಿಂದ ಬಂದಿತೆಂದು ಅದರಿಂದಲೇ ಹೇಳಲಾಗುವುದಿಲ್ಲ. ಈ ವಿವೇಕವನ್ನು ಜನರಿಗೆ ಮುಟ್ಟಿಸದೆ 'ಅಪಾಯ, ಅಪಾಯ' ಎಂದು ಕೂಗಿದರೆ ಕೆಲವರು ಹೆದರಿ ಕಂಗೆಡುತ್ತಾರೆ, ಉಳಿದವರು ಕೇಳುವುದನ್ನೇ ಬಿಡುತ್ತಾರೆ. ಅಧಿಕೃತವಾದ ಗಾಳಿಯ ಸುದ್ದಿ ಎಲ್ಲಿ ಬಾಯಿ ಮುಚ್ಚುತ್ತದೆಯೋ ಅಲ್ಲಿ ಗಾಳಿಸುದ್ದಿ ಬಾಯಿ ತೆರೆಯುತ್ತದೆ.

ಸ್ಥಳೀಯರ ಗಮನಿಕೆಯಿಂದ ಏನು ಸಾಧ್ಯ ಎಂಬುದಕ್ಕೆ ಕನ್ನಡದ ಗಡಿಯಲ್ಲಿಯೇ ಒಂದು ನಿದರ್ಶನವಿದೆ. ಕಾಸರಗೋಡಿನ ಗೇರುತೋಟಗಳ ಮೇಲೆ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ ಪ್ರದೇಶದಲ್ಲಿ ವೈದ್ಯ ವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಸಾಧಾರಣವಾದ ಕಾಯಿಲೆಗಳು ಗುಂಪುಗೂಡಿರುವುದನ್ನು ಕಂಡು ಪ್ರಶ್ನೆಯೆತ್ತಿದರು. ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಹೊರಜಗತ್ತಿಗೆ ತಿಳಿಸಿದರು. ಕಾರಣ ಯಾವುದೆಂಬ ಬಗ್ಗೆ ತಜ್ಞರ ವಾದವಿವಾದ ಬಹುಕಾಲ ನಡೆಯಿತು. ಕೊನೆಗೆ ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕೀಟನಾಶಕವನ್ನು ದೇಶದಲ್ಲೆಲ್ಲ ತಡೆಯಿತು. ಅಲ್ಲಿ ವಸ್ತು ಒಂದೇ, ಅದರ ಹೆಸರೂ ಗೊತ್ತಿದ್ದುದು. ಡೊಂಬಿವಲಿ, ತಳೋಜಗಳಲ್ಲಿ ನೂರಾರು ಘಟಕಗಳು, ಹೆಸರು ತಿಳಿಯದ ಅನೇಕ ವಸ್ತುಗಳು. ಆದರೂ ಪಾಠ ಒಂದೇ: ಹತ್ತಿರದಲ್ಲಿದ್ದು ನೋಡಿದವರ ಟಿಪ್ಪಣಿ ಅಂತಿಮ ಉತ್ತರವಲ್ಲದಿದ್ದರೂ ಸರಿಯಾದ ಪ್ರಶ್ನೆಯಾಗಬಲ್ಲದು.

ಪ್ರಶ್ನೆ ಕೇಳುವ ಹಕ್ಕನ್ನು ಕಾನೂನೇ ಕೊಟ್ಟಿದೆ. ೧೯೮೪ರ ಡಿಸೆಂಬರಿನ ಭೋಪಾಲ ದುರಂತದಲ್ಲಿ ಜನರು ಸತ್ತುದು ಅನಿಲದಿಂದ. ಆದರೆ ಯಾವ ಅನಿಲ, ಯಾವ ಕಡೆಗೆ ಓಡಬೇಕು, ಬಾಯಿಮೂಗಿಗೆ ಒದ್ದೆ ಬಟ್ಟೆ ಹಿಡಿಯಬೇಕೇ ಎಂಬುದು ತಿಳಿಯದೆ ಹೋದುದೂ ಸಾವಿನ ಲೆಕ್ಕವನ್ನು ಹೆಚ್ಚಿಸಿತು. ಆ ಬಳಿಕ ೧೯೮೭ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಸೇರಿಸಿದ ೪೧-ಬಿ ಕಲಮು, ಅಪಾಯಕಾರಿ ಕಾರ್ಖಾನೆಯ ಒಡೆಯನು ಆರೋಗ್ಯದ ಕೇಡುಗಳನ್ನು ಕಾರ್ಮಿಕರಿಗೆ ಮಾತ್ರವಲ್ಲದೆ ನೆರೆಹೊರೆಯ ಜನರಿಗೂ ತಿಳಿಸಬೇಕೆಂದು ವಿಧಿಸಿತು. ೧೯೮೯ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳೂ ದೊಡ್ಡ ಅಪಘಾತದಿಂದ ಬಾಧಿತರಾಗಬಹುದಾದವರಿಗೆ ಮುಂಚಿತವಾಗಿ ಮಾಹಿತಿ ಕೊಡಬೇಕೆನ್ನುತ್ತವೆ. 'ತಿಳಿಸು' ಎಂಬ ಕ್ರಿಯೆ ಪೂರ್ಣವಾಗುವುದು ಎದುರಿನವನು 'ತಿಳಿದಾಗ' ಮಾತ್ರ. ಗೇಟಿನ ಬಳಿ ತೂಗುಹಾಕಿದ ಫಲಕವಾಗಲಿ ಕಚೇರಿಯ ಕಡತದಲ್ಲಿರುವ ತುರ್ತುಯೋಜನೆಯಾಗಲಿ ಆ ಕ್ರಿಯೆಯ ಪೂರ್ವಾರ್ಧವಷ್ಟೇ.

ಉತ್ತರಾರ್ಧದ ಹೊಣೆ ಯಾರದು? ಮುಖ್ಯವಾಗಿ ಕಾರ್ಖಾನೆಯದು, ಸರಕಾರದ್ದು. ಅದನ್ನು ಅವರ ಹೆಗಲಿನಿಂದ ಇಳಿಸಬೇಕಾದ ಕಾರಣವಿಲ್ಲ. ಆದರೆ ಭಾಷೆಯ ಕೆಲಸದಲ್ಲಿ ಕನ್ನಡ ಸಂಘಗಳಿಗೆ ಪಾಲಿದೆ. ೧೯೧೮ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಮಾಸಪತ್ರಿಕೆಯ ಮೂಲಕ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದರು. ಮುಂಬಯಿಯ ಕನ್ನಡಿಗರಲ್ಲಿ ರಸಾಯನತಂತ್ರಜ್ಞರಿಗೂ ಕೊರತೆಯಿಲ್ಲ. 'ಶಿಕಾರಿ' ಬರೆದ ಯಶವಂತ ಚಿತ್ತಾಲರೇ ಪಾಲಿಮರ್ ತಂತ್ರಜ್ಞರಾಗಿ ದುಡಿದವರು. ೧೯೭೯ರ ಆ ಕಾದಂಬರಿ ಕಂಪನಿಯೊಳಗಿನ ಮನುಷ್ಯನ ಭಯವನ್ನು ಕನ್ನಡಕ್ಕೆ ತಂದಿತು. ಕಂಪನಿಯ ಗೋಡೆಯ ಹೊರಗೆ ಮಲಗಿದವನ ಭಯ ಇನ್ನೂ ಅಂಥ ಸಮರ್ಥ ಮಾತನ್ನು ಕಾದಿದೆ. ರಾಸಾಯನಿಕದ ಸುರಕ್ಷತಾ ಹಾಳೆಯನ್ನು ಕಾರ್ಖಾನೆಯಲ್ಲಿ ಇಂಗ್ಲಿಷಿನಲ್ಲಿ ಓದುವ ಅಧಿಕಾರಿಯೂ, ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಡ್ಲಿ ಬಡಿಸುವ ಹುಡುಗನೂ ರಾಜ್ಯೋತ್ಸವದ ದಿನ ಒಂದೇ ಸಭಾಂಗಣದಲ್ಲಿ ಕೂಡುತ್ತಾರೆ. ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಅಲ್ಲಿಯಾದರೂ ತಲಪದಿದ್ದರೆ ಸಂಘವೆಂಬ ಹೆಸರಿಗೆ ಅರ್ಥ ಕಡಿಮೆ.

ತಲಪಬೇಕಾದ ಮಾತು ದೀರ್ಘವಾಗಿರಬೇಕಾಗಿಲ್ಲ. ಒಂದೇ ಹಾಳೆ ಸಾಕು. ಹತ್ತಿರದ ಮಾಪನಕೇಂದ್ರ ಯಾವುದು, ಅದು ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯುವುದಿಲ್ಲ ಎಂಬುದು ಅದರಲ್ಲಿ ಮೊದಲು ಇರಬೇಕು. ಅನಿಲ ಸೋರಿದಾಗ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಸರಿಯಬೇಕು, ಹೊರಹೋಗಲಾಗದಿದ್ದರೆ ಕಿಟಕಿಬಾಗಿಲು ಮುಚ್ಚಿ ಸಂದುಗಳಿಗೆ ಒದ್ದೆ ಬಟ್ಟೆ ತುರುಕಬೇಕು. ಸ್ಫೋಟದ ಸದ್ದು ಅಥವಾ ದೂರದ ಬೆಂಕಿ ಕಂಡಾಗ ಕಿಟಕಿಯ ಬಳಿ ನಿಂತು ನೋಡದೆ ಗಾಜಿನಿಂದ ದೂರ ಹೋಗಬೇಕು ಎಂಬ ಎರಡು ಸೂಚನೆಗಳನ್ನು ಬೇರೆ ಬೇರೆಯಾಗಿ ಹೇಳಬೇಕು. ವಾಸನೆಯ ದಿನಚರಿಗೆ ಹೊತ್ತು, ಜಾಗ, ಗಾಳಿಯ ದಿಕ್ಕು, ವಾಸನೆಯ ಬಗೆ, ದೇಹಕ್ಕಾದ ತೊಂದರೆ ಎಂಬ ಐದು ಮನೆಗಳನ್ನು ಹಾಕಿರಬೇಕು. 'ವಾಸನೆ ಇಲ್ಲದಿದ್ದರೂ ಕೇಡು ಇರಬಹುದು' ಎಂಬ ಒಂದು ಸಾಲು ಕೆಳಗೆ ಇರಬೇಕು. ಕನ್ನಡ ಲಿಪಿಯನ್ನು ಓದಲಾರದ ಹೊಸ ತಲೆಮಾರು ಮನೆಮನೆಯಲ್ಲಿದೆಯಾಗಿ ಅದನ್ನು ಸಭೆಗಳಲ್ಲಿ ಗಟ್ಟಿಯಾಗಿ ಓದಿಹೇಳುವುದೂ, ನೆರೆಮನೆಯವರಿಗಾಗಿ ಮರಾಠಿ, ಹಿಂದಿ ಪ್ರತಿಗಳನ್ನು ಜೊತೆಗೂಡಿಸುವುದೂ ಅಗತ್ಯ. ಗಾಳಿಗೆ ಭಾಷಾವಾರು ಪ್ರಾಂತವಿಲ್ಲ.

ಕಾರ್ಖಾನೆಗಳನ್ನು ಡೊಂಬಿವಲಿಯಿಂದ ಬೇರೆಡೆಗೆ ಸಾಗಿಸುವ ಮಾತು ಸರಕಾರದ ಮಟ್ಟದಲ್ಲಿ ಮತ್ತೆ ಮತ್ತೆ ಎದ್ದಿದೆ. ಅದು ನಡೆದರೆ ಅಲ್ಲಿ ದುಡಿಯುವವರ ಅನ್ನದ ಪ್ರಶ್ನೆ ಏಳುತ್ತದೆ. ನಡೆಯದಿದ್ದರೆ ಅಲ್ಲಿ ವಾಸಿಸುವವರ ಉಸಿರಿನ ಪ್ರಶ್ನೆ ಉಳಿಯುತ್ತದೆ. ಎಷ್ಟೋ ಮನೆಗಳಲ್ಲಿ ದುಡಿಯುವವನೂ ವಾಸಿಸುವವನೂ ಒಬ್ಬನೇ. ಆತನು ಈ ಎರಡರ ನಡುವೆ ಆಯ್ದುಕೊಳ್ಳಬೇಕಾದರೆ, ಅಥವಾ ಎರಡನ್ನೂ ಉಳಿಸುವಂತೆ ಒತ್ತಾಯಿಸಬೇಕಾದರೆ, ಮೊದಲು ಆತನಿಗೆ ವಿಷಯ ತಿಳಿದಿರಬೇಕು. ಅದನ್ನು ಆತನ ಮಾತಿನಲ್ಲಿ, ಹೆಚ್ಚಿಸದೆ ಕಡಿಮೆ ಮಾಡದೆ ಹೇಳುವ ಕೆಲಸ ಬಾಕಿ ಇದೆ.